ಬೂಟು

ದೊಡ್ಡನೆಕ್ಕುಂದಿಯ ನಮ್ಮ ಕೇರಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು ನಾವು. ಬರಿಗಾಲಲ್ಲೇ ಓಡಿದೆವು, ಕಬಡ್ಡಿ ಆಡಿದೆವು, ಗುಂಡು ಎಸೆದೆವು. ನಮ್ಮಲ್ಲೊಬ್ಬ ಮೂರರಲ್ಲೂ ಮೊದಲು. ಕಾಲೇಜಿನವರು ಅವನಿಗೆ ಕಪ್ ಕೊಟ್ಟರು, ಬೂಟು ಕೊಡಲಿಲ್ಲ. "ಈ ಕಪ್ನಾಗೆ ಮುದ್ದೆ ತೊಳ್ಸಕ್ಕಾಯ್ತದೇನ್ಲಾ?" ಅಂದಳು ಅವನವ್ವ.

ಅವತ್ತು ಮೇಷ್ಟ್ರು ನಮಗೆ ಕೊಡಗಿನ ಎಂ.ಪಿ. ಗಣೇಶ್ ಅವರ ಕಥೆ ಹೇಳಿದರು. ಓದುವ ದಿನಗಳಲ್ಲಿ ಗಣೇಶ್ ಫುಟ್‌ಬಾಲ್ ಆಟಗಾರ. ಸೇನೆ ಸೇರಿ ಹಾಕಿಯಲ್ಲಿ ಬೆಳೆದರು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. 1973ರ ವಿಶ್ವಕಪ್ಪಿನಲ್ಲಿ ಭಾರತದ ನಾಯಕರಾಗಿ ತಂಡವನ್ನು ಫೈನಲ್ಲಿಗೆ ಮುಟ್ಟಿಸಿದರು. 2020ರಲ್ಲಿ ಪದ್ಮಶ್ರೀ ಬಂತು. ಪ್ರತಿಭೆ ಅವರದೇ, ಸುಳ್ಳಲ್ಲ. ಆದರೆ ಆಡುವ ವಯಸ್ಸಿನಲ್ಲಿ ಅವರಿಗೆ ಸೇನೆಯ ಸಂಬಳವಿತ್ತು, ಊಟವಿತ್ತು, ಮೈದಾನವಿತ್ತು.

ನಮ್ಮವನ ಹಿಂದೆ ಯಾರು ನಿಂತರು? ಡಿಗ್ರಿ ಮುಗಿಯಿತು, ಆಟವೂ ಮುಗಿಯಿತು. ಕೇರಿಯ ಕಾಲುಗಳಿಗೆ ಬಲ ಕಮ್ಮಿಯೇನಲ್ಲ. ಆ ಬಲಕ್ಕೆ ಮುದ್ದೆ ಹಾಕುವವರಿಲ್ಲ.

ಇವತ್ತು ಅವನು ರಿಂಗ್ ರೋಡಿನ ಕಂಪನಿಯೊಂದರ ಗೇಟಲ್ಲಿ ಸೆಕ್ಯುರಿಟಿ. ಒಳಗೆ ಹೋಗುವ ಕಾರುಗಳಿಗೆ ಸಲಾಮು ಹೊಡೀತಾನೆ. ಬೂಟು ಕೊನೆಗೂ ಸಿಕ್ಕಿದೆ, ಗೆಳೆಯರೇ. ಹನ್ನೆರಡು ಗಂಟೆ ನಿಲ್ಲಲಿಕ್ಕೆ.