ಚಂದ್ರನ ಅಂಚಿನಲ್ಲಿ ಕಂಡದ್ದು

ಶ್ರಾವಣ ಮಾಸದ ಪ್ರವಚನದಲ್ಲಿ ನಾವು ಬಹುಕಾಲದಿಂದ ಬಳಸುತ್ತ ಬಂದ ಒಂದು ದೃಷ್ಟಾಂತವಿತ್ತು. ಚಂದ್ರನು ಭೂಮಿಗೆ ಒಂದೇ ಮುಖವನ್ನು ತೋರಿಸುತ್ತಾನೆ. ಅರ್ಧ ಕಾಣುತ್ತದೆ, ಉಳಿದರ್ಧ ಎಂದೆಂದಿಗೂ ಕಾಣದು. ಮನುಷ್ಯನ ಅಂತರಂಗವೂ ಹಾಗೆಯೇ ಎಂಬುದು ಅದರ ಸಾರ. 2023ರ ಆಗಸ್ಟ್ 23ರಂದು ನಮ್ಮ ದೇಶದ ಚಂದ್ರಯಾನ-3 ಚಂದ್ರನ ದಕ್ಷಿಣದ ಅಂಚಿನ ಸಮೀಪ ಇಳಿಯಿತು. ಆ ತಾಣಕ್ಕೆ ಶಿವಶಕ್ತಿ ಎಂಬ ಹೆಸರೂ ಬಂದಿತು. ಶ್ರಾವಣದ ಆ ದಿನಗಳಲ್ಲಿ ಜನ ಚಂದ್ರನ ಮಾತನ್ನೇ ಆಡುತ್ತಿದ್ದುದರಿಂದ ನಮ್ಮ ದೃಷ್ಟಾಂತಕ್ಕೆ ಹೊಸ ಕಳೆ ಬಂದಂತಾಗಿತ್ತು.

ಪ್ರವಚನ ಮುಗಿದು ಪ್ರಸಾದಕ್ಕೆ ಏಳುವ ಹೊತ್ತಿಗೆ ಒಬ್ಬ ನಡುವಯಸ್ಸಿನ ಗೃಹಸ್ಥ ಬಂದು ನಮಸ್ಕರಿಸಿದ. “ಶಾಸ್ತ್ರಿಗಳೇ, ತಪ್ಪು ತಿಳಿಯಬಾರದು. ಕಾಣುವುದು ಅರ್ಧವಲ್ಲ, ನೂರಕ್ಕೆ ಐವತ್ತೊಂಬತ್ತು ಪಾಲು,” ಎಂದ.

ಗುರುತು ಹತ್ತಲು ಕ್ಷಣಕಾಲ ಹಿಡಿಯಿತು. ಮೂವತ್ತು ವರ್ಷಗಳ ಹಿಂದೆ ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿದ್ದು ನಮ್ಮ ಬಳಿ ಸಂಸ್ಕೃತವನ್ನೂ ವಚನಗಳನ್ನೂ ಓದಿದ ಹುಡುಗ. ಶಾಸ್ತ್ರಾಧ್ಯಯನ ಮುಂದುವರಿಸುವನೆಂದು ನಾವು ನಂಬಿದ್ದೆವು. ಆತ ಪಟ್ಟಣಕ್ಕೆ ಹೋಗಿ ವಿಜ್ಞಾನ ಓದಿದ. ರಜೆಗೆ ಬಂದಾಗ ಹಣೆಯಲ್ಲಿ ವಿಭೂತಿ ಕಾಣಲಿಲ್ಲ, ಮಠದ ಕಡೆಗೆ ಸುಳಿಯಲೂ ಇಲ್ಲ. “ಅಕ್ಷರ ಕಲಿಸಿದ ಮಠವನ್ನೂ ಅಂಗದ ಮೇಲಿನ ಲಿಂಗವನ್ನೂ ಬಿಟ್ಟವರಿದ್ದಾರೆ” ಎಂದು ನಾವು ಒಂದು ಸಭೆಯಲ್ಲಿ ಆಡಿದೆವು. ಹೆಸರೆತ್ತಲಿಲ್ಲ. ಆದರೆ ಯಾರನ್ನು ಕುರಿತ ಮಾತೆಂದು ಎಲ್ಲರಿಗೂ ತಿಳಿದಿತ್ತು. ಆ ಸಭೆಯಲ್ಲಿ ಆತನ ತಾಯಿಯೂ ಇದ್ದರು.

ಈಗ ಆತ ಹತ್ತಿರದ ಊರಿನ ಪ್ರೌಢಶಾಲೆಯಲ್ಲಿ ಶಿಕ್ಷಕ. ತಿದ್ದಿಸಿಕೊಂಡ ಕೋಪದಲ್ಲಿ, “ಹಾಗಾದರೆ ತೋರಿಸು,” ಎಂದೆವು. “ಮಳೆಗಾಲ ಕಳೆಯಲಿ, ತೋರಿಸುತ್ತೇನೆ,” ಎಂದ.

ಕಾರ್ತಿಕ ಶುಕ್ಲ ತ್ರಯೋದಶಿಯ ರಾತ್ರಿ ಮಠದ ಮಾಳಿಗೆಯ ಮೇಲೆ ಆತನ ದೂರದರ್ಶಕ ನಿಂತಿತು. ಆರು ಅಂಗುಲದ ಕನ್ನಡಿಯಿಟ್ಟು ಶಾಲೆಯ ಮಕ್ಕಳೊಂದಿಗೆ ತಾನೇ ಜೋಡಿಸಿದ್ದು. ಅದರಲ್ಲಿ ಚಂದ್ರ 120 ಪಟ್ಟು ದೊಡ್ಡದಾಗಿ, ಆದರೆ ತಲೆಕೆಳಗಾಗಿ ಕಾಣುತ್ತಿದ್ದ.

ಮೊದಲು ಪೂರ್ವದ ಅಂಚಿನ ಬಳಿಯ ಒಂದು ಕಪ್ಪು ಮಚ್ಚೆಯನ್ನು ತೋರಿಸಿದ. ಅದರ ಹೆಸರು ಮಾರೆ ಕ್ರಿಸಿಯಂ, ಎಂದರೆ ಸಂಕಟಗಳ ಸಮುದ್ರ. ನೀರಿಲ್ಲ, ಕೋಟ್ಯಂತರ ವರ್ಷಗಳ ಹಿಂದೆ ಲಾವಾರಸ ಹರಿದು ಗಟ್ಟಿಯಾದ ಬಯಲು. ನಮ್ಮ ಕಣ್ಣಿಗೆ ಅದು ಉತ್ತರ ದಕ್ಷಿಣವಾಗಿ ನೀಳವಾಗಿತ್ತು. “ನಿಜವಾಗಿ ಅದು ಪೂರ್ವ ಪಶ್ಚಿಮಕ್ಕೇ ಹೆಚ್ಚು ಉದ್ದ,” ಎಂದ ಆತ. ಊಟದ ತಟ್ಟೆಯನ್ನು ಓರೆಯಾಗಿ ಹಿಡಿದರೆ ದುಂಡಾದದ್ದು ಮೊಟ್ಟೆಯಾಕಾರವಾಗಿ ಕಾಣುವುದಷ್ಟೆ. ಅಂಚಿನ ಕುಳಿಗಳೆಲ್ಲ ಹೀಗೆಯೇ ಚಪ್ಪಟೆಯಾಗಿ ಕಾಣುತ್ತವೆ. ಅದು ಕುಳಿಯ ದೋಷವಲ್ಲ, ನಾವು ನಿಂತ ಜಾಗದ ದೋಷ.

ಆತ ಮುಖ್ಯವಾಗಿ ತೋರಿಸಬೇಕೆಂದದ್ದು ವಾಯವ್ಯದ ಅಂಚಿನ ಪೈಥಾಗೊರಸ್ ಎಂಬ ಕುಳಿಯನ್ನು. ಅದರ ಅಗಲ ಸುಮಾರು 140 ಕಿಲೋಮೀಟರು. ಆ ರಾತ್ರಿ ಅಲ್ಲಿ ತೆಳುವಾದ ಗೆರೆಯೊಂದರ ಹೊರತು ನಮಗೇನೂ ತಿಳಿಯಲಿಲ್ಲ. “ಆ ಅಂಚು ಈಗ ಆಚೆಗೆ ವಾಲಿದೆ. ಕೆಲವು ತಿಂಗಳು ಕಾಯಬೇಕು,” ಎಂದ.

ಕಾರಣವನ್ನೂ ಬಿಡಿಸಿ ಹೇಳಿದ. ಚಂದ್ರನು ತನ್ನ ಸುತ್ತ ತಾನು ಒಂದೇ ವೇಗದಲ್ಲಿ ಸುಮಾರು 27.3 ದಿನಗಳಿಗೊಮ್ಮೆ ತಿರುಗುತ್ತಾನೆ. ಭೂಮಿಯನ್ನು ಒಮ್ಮೆ ಸುತ್ತುವುದಕ್ಕೂ ಅಷ್ಟೇ ಕಾಲ. ಆದರೆ ಅವನ ಪಥ ಪೂರ್ಣ ವೃತ್ತವಲ್ಲ. ಭೂಮಿಗೆ ಹತ್ತಿರವಾದಾಗ ವೇಗವಾಗಿಯೂ ದೂರವಾದಾಗ ನಿಧಾನವಾಗಿಯೂ ನಡೆಯುತ್ತಾನೆ. ಹೀಗಾಗಿ ತಿರುಗುವುದಕ್ಕೂ ನಡೆಯುವುದಕ್ಕೂ ಹೊಂದಿಕೆ ತುಸು ತಪ್ಪಿ, ಒಮ್ಮೆ ಪೂರ್ವದ ಅಂಚಿನ ಆಚೆ, ಒಮ್ಮೆ ಪಶ್ಚಿಮದ ಅಂಚಿನ ಆಚೆ ಸುಮಾರು 8 ಅಂಶಗಳವರೆಗೆ ನಮಗೆ ಇಣುಕುನೋಟ ಸಿಗುತ್ತದೆ. ಅವನ ಅಕ್ಷವೂ ಪಥಕ್ಕೆ ತುಸು ಓರೆಯಾಗಿರುವುದರಿಂದ ಉತ್ತರ ದಕ್ಷಿಣದ ಅಂಚುಗಳೂ ಸರದಿಯಂತೆ ಇತ್ತ ಬಾಗುತ್ತವೆ. ಇದನ್ನು ಖಗೋಳಜ್ಞರು ಲೈಬ್ರೇಶನ್ ಎನ್ನುತ್ತಾರೆ. ತಕ್ಕಡಿಯ ತೂಗಾಟವೆಂಬ ಭಾವ ಆ ಮಾತಿನಲ್ಲಿದೆ. ಚಂದ್ರನ ಮೈಯಲ್ಲಿ ನೂರಕ್ಕೆ 41 ಪಾಲು ಸದಾ ನಮ್ಮ ಕಡೆಗಿರುತ್ತದೆ, 41 ಪಾಲು ಇಲ್ಲಿಂದ ಎಂದೂ ಕಾಣದು. ನಡುವಿನ 18 ಪಾಲು ಬರುತ್ತ ಹೋಗುತ್ತ ಇರುತ್ತದೆ.

ಮಾರ್ಗಶಿರ, ಪುಷ್ಯ, ಮಾಘಗಳಲ್ಲಿಯೂ ಆತ ಬಂದ. ಕುಳಿ ಕಾಣದಿದ್ದರೂ ಬಂದ. ಪಶ್ಚಿಮದ ಅಂಚಿನಲ್ಲಿ ಪೂರ್ವ ಸಮುದ್ರವೆಂಬ ಹೆಸರಿನ ಪ್ರದೇಶವಿರುವ ವಿಚಿತ್ರವನ್ನು ಒಂದು ರಾತ್ರಿ ಹೇಳಿದ. 1906ರಲ್ಲಿ ಯೂಲಿಯಸ್ ಫ್ರಾಂಜ್ ಎಂಬ ಜರ್ಮನಿಯ ಖಗೋಳಜ್ಞ ಮಾರೆ ಓರಿಯಂಟಾಲೆ ಎಂದು ಹೆಸರಿಟ್ಟಾಗ ಆ ಅಂಚನ್ನು ಪೂರ್ವವೆನ್ನುತ್ತಿದ್ದರು. 1961ರಲ್ಲಿ ಚಂದ್ರನ ದಿಕ್ಕುಗಳನ್ನು ಅದಲುಬದಲು ಮಾಡಲಾಯಿತು, ಹೆಸರು ಮಾತ್ರ ಉಳಿಯಿತು. ಇಲ್ಲಿಂದ ನೋಡುವವರಿಗೆ ಅಲ್ಲಿ ಬೆಟ್ಟಸಾಲಿನ ಕೆಲವು ತುಣುಕುಗಳಷ್ಟೇ ಸಿಗುತ್ತಿದ್ದವು. 1967ರಲ್ಲಿ ಲೂನಾರ್ ಆರ್ಬಿಟರ್-4 ನೌಕೆ ಮೇಲಿನಿಂದ ಚಿತ್ರ ತೆಗೆದಾಗ, ಸುಮಾರು 930 ಕಿಲೋಮೀಟರು ಅಗಲದ, ಬಳೆಯೊಳಗೆ ಬಳೆಯಿಟ್ಟಂತಹ ಪರ್ವತವಲಯಗಳು ಸ್ಪಷ್ಟವಾಗಿ ಕಂಡವು. ಅದನ್ನು ಕೇಳಿ ನಾವು ಸುಮ್ಮನೆ ಕುಳಿತೆವು. ತುಣುಕು ನೋಡಿ ಹೆಸರಿಡುವ ಅಭ್ಯಾಸ ನಮಗೂ ಇದ್ದಿತು.

2024ರ ಬಸವ ಜಯಂತಿ ಕಳೆದು ವೈಶಾಖ ಶುಕ್ಲ ತ್ರಯೋದಶಿ ಬಂತು. ಕಾರ್ತಿಕದಲ್ಲಿ ಅಂಚಿನಿಂದ ದೂರವಿದ್ದ ಸಂಕಟಗಳ ಸಮುದ್ರ ಈಗ ಅಂಚಿಗೆ ಒತ್ತಿಕೊಂಡಿತ್ತು; ಎದುರಿನ ಅಂಚು ಇತ್ತ ತಿರುಗಿತ್ತು. ನೇತ್ರಮಸೂರದಲ್ಲಿ ಪೈಥಾಗೊರಸ್ ನಿಂತಿತ್ತು. ಆ ಕುಳಿಗೆ ಆಗತಾನೆ ಬೆಳಗಾಗಿತ್ತು. ಮೆಟ್ಟಿಲು ಮೆಟ್ಟಿಲಾದ ಗೋಡೆ, ನಡುವೆ ಬೆಳಕು ಹಿಡಿದ ಶಿಖರಗಳು, ಅವುಗಳ ಹಿಂದೆ ಕಡುಗಪ್ಪು ನೆರಳು. ಚಂದ್ರಬಿಂಬದ ನಡುವಿನ ಕುಳಿಗಳನ್ನು ನಾವು ನೆತ್ತಿಯ ಮೇಲಿನಿಂದ ನೋಡುತ್ತೇವೆ. ಅಂಚಿನವನ್ನು ಮಗ್ಗುಲಿನಿಂದ ನೋಡುತ್ತೇವೆ. ಹೊಲದಲ್ಲಿ ನಿಂತು ದೂರದ ಗುಡ್ಡವನ್ನು ನೋಡಿದಂತೆ ಅಲ್ಲಿ ಬೆಟ್ಟ ಬೆಟ್ಟವಾಗಿಯೇ ಕಂಡಿತು.

ಹೊತ್ತಾದುದರಿಂದ ಆತ ಮಾಳಿಗೆಯ ಮೇಲೆಯೇ ಮಲಗಿದ. ನಸುಕಿನಲ್ಲಿ ನಮಗೆ ಎಚ್ಚರವಾದಾಗ ಆತ ಸ್ನಾನ ಮುಗಿಸಿ ಮೂಲೆಯಲ್ಲಿ ಕುಳಿತಿದ್ದ. ಎಡ ಅಂಗೈಯಲ್ಲಿ ಇಷ್ಟಲಿಂಗ; ದೃಷ್ಟಿ ಅದರಲ್ಲಿ ನೆಟ್ಟಿತ್ತು. ಪೂಜೆ ಮುಗಿಸಿ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಅಂಗಿಯೊಳಗೆ ಎದೆಗೆ ಕಟ್ಟಿಕೊಂಡ.

“ಮತ್ತೆ ಯಾವಾಗಿನಿಂದ?” ಎಂದು ಕೇಳಿದೆವು.

“ಬಿಟ್ಟಿದ್ದರಲ್ಲವೇ ಮತ್ತೆ ಹಿಡಿಯುವುದು, ಶಾಸ್ತ್ರಿಗಳೇ? ಹಿರಿಯ ಬುದ್ಧಿಯವರು ದೀಕ್ಷೆ ಕೊಟ್ಟಂದಿನಿಂದ ಒಂದು ದಿನವೂ ತಪ್ಪಿಲ್ಲ.”

ರಜೆಯಲ್ಲಿಯೂ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ಓದಿನ ಖರ್ಚು ನೀಗಿಸುತ್ತಿದ್ದನಂತೆ. ಊರಿಗೆ ಬರುತ್ತಿದ್ದುದೇ ಒಂದೆರಡು ದಿನ. “ಆ ಸಭೆಯ ದಿನ ಅವ್ವ ಮನೆಗೆ ಬಂದು ಅತ್ತಳು. ಆಮೇಲೆ ಇತ್ತ ಬರಲು ಮನಸ್ಸಾಗಲಿಲ್ಲ,” ಎಂದಷ್ಟೇ ಹೇಳಿದ.

ಆ ತಾಯಿ ಲಿಂಗೈಕ್ಯರಾಗಿ ಹನ್ನೊಂದು ವರ್ಷಗಳಾಗಿವೆ. 2024ರ ಶ್ರಾವಣದ ಪ್ರವಚನದಲ್ಲಿ ನಾವು ಚಂದ್ರನ ಲೆಕ್ಕವನ್ನೂ ಆ ಹಳೆಯ ಮಾತನ್ನೂ ಸಭೆಯ ಮುಂದೆ ತಿದ್ದಿದೆವು. ಕೇಳಬೇಕಾಗಿದ್ದ ಒಬ್ಬರು ಅಲ್ಲಿರಲಿಲ್ಲ. ಅಂದಿನ ಮಾತನ್ನು ಕೇಳಿದವರಲ್ಲಿ ಅನೇಕರು ಈಗ ಬೇರೆ ಊರುಗಳಲ್ಲಿದ್ದಾರೆ. ಈ ಪತ್ರಿಕೆ ಅವರ ಮನೆಗಳಿಗೆ ಹೋಗುತ್ತದೆ. ಅದಕ್ಕಾಗಿಯೇ ಇಲ್ಲಿಯೂ ಬರೆದಿದ್ದೇವೆ.

ದೂರದರ್ಶಕವಿಲ್ಲದಿದ್ದರೂ ಮನೆಯ ಮಕ್ಕಳೊಂದಿಗೆ ಒಂದು ಕೆಲಸ ಮಾಡಬಹುದು. ಪ್ರತಿ ತಿಂಗಳು ಶುಕ್ಲ ತ್ರಯೋದಶಿಯಂದು ಚಂದ್ರನ ಅಂಚಿನ ಬಳಿ ಒಂಟಿಯಾಗಿರುವ ಆ ಚಿಕ್ಕ ಕಪ್ಪು ಮಚ್ಚೆಯನ್ನು ಗುರುತಿಸಿ, ಅಂಚಿಗೂ ಅದಕ್ಕೂ ಇರುವ ಬಿಳಿಯ ಅಂತರವನ್ನು ಕಾಗದದ ಮೇಲೆ ಬರೆದಿಡಿ. ಆರೇಳು ತಿಂಗಳಲ್ಲಿ ಅಂತರ ಬದಲಾದುದು ಬರಿಗಣ್ಣಿಗೇ ತಿಳಿಯುತ್ತದೆ. ಒಂದೇ ರಾತ್ರಿ ನೋಡಿದವರಿಗೆ ಅದು ತಿಳಿಯುವುದಿಲ್ಲ.