ಕಾಲು ಹಿಡಿಯುವ ಪೆಡಲು

ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಮಾತುಂಟು. ಸೈಕಲ್ ಲೋಕದಲ್ಲಿ ಇದಕ್ಕೆ ತಿರುಗುಮುರುಗಾದ ವಸ್ತುವೊಂದಿದೆ. ಹೆಸರು ಕ್ಲಿಪ್‌ಲೆಸ್ ಪೆಡಲ್, ಅಂದರೆ ಕ್ಲಿಪ್ಪೇ ಇಲ್ಲದ್ದು. ಅದರ ಕೆಲಸವೋ, ಸವಾರನ ಬೂಟನ್ನು ಗಪ್ಪನೆ ಹಿಡಿದುಕೊಳ್ಳುವುದು!

ಈ ವಿಚಿತ್ರ ಹೆಸರಿಗೆ ಕಾರಣವಿದೆ. ಹಿಂದೆ ಪಂದ್ಯದ ಸವಾರರು ಪೆಡಲಿನ ಮುಂದಿನ ಲೋಹದ ಕ್ಲಿಪ್ಪಿನೊಳಗೆ ಕಾಲ ಬೆರಳುಗಳನ್ನು ತೂರಿಸಿ, ಮೇಲೆ ಚರ್ಮದ ಪಟ್ಟಿ ಬಿಗಿಯುತ್ತಿದ್ದರು. ಬಿಡಿಸಿಕೊಳ್ಳಬೇಕಾದರೆ ಓಡುವ ಸೈಕಲ್ಲಿನ ಮೇಲೇ ಬಗ್ಗಿ ಪಟ್ಟಿ ಸಡಿಲಿಸಬೇಕು. ಆ ಕ್ಲಿಪ್ಪನ್ನು ತೆಗೆದುಹಾಕಿದ ಪೆಡಲು ಎಂದು ಹೊಸತಕ್ಕೆ ಈ ಹೆಸರು ಬಂತು. ಇಟಲಿಯ ಚಿನೆಲ್ಲಿ 1970ರ ದಶಕದಲ್ಲೇ ಇಂಥದೊಂದನ್ನು ತಯಾರಿಸಿದ್ದುಂಟು. ಆದರೆ ಕಾಲು ಬಿಡಿಸಲು ಅದಕ್ಕೂ ಕೈ ಹಾಕಬೇಕಿತ್ತು.

ಪರಿಹಾರ ಬಂದದ್ದು ಹಿಮದ ಮೇಲಿನಿಂದ. ಫ್ರಾನ್ಸಿನ ಲುಕ್ ಕಂಪನಿ ಸ್ಕೀ ಆಟದವರ ಬೂಟು ಹಿಡಿಯುವ ಸಾಧನಗಳಿಗೆ ಹೆಸರಾಗಿತ್ತು. ಬಿದ್ದಾಗ ಕಾಲು ಮುರಿಯದಂತೆ ಬೂಟನ್ನು ತಾನಾಗಿ ಬಿಟ್ಟುಕೊಡುವುದು ಅವುಗಳ ಗುಣ. ಅದೇ ಉಪಾಯವನ್ನು ಕಂಪನಿ 1984ರಲ್ಲಿ ಪೆಡಲಿಗೆ ತಂದಿತು. ಬೂಟಿನ ಅಡಿಯ ಕ್ಲೀಟ್ ಎಂಬ ತುಂಡಿನ ಮೂತಿಯನ್ನು ಪೆಡಲಿಗೆ ಸಿಕ್ಕಿಸಿ ಒತ್ತಿದರೆ ಹಿಂದಿನ ಸ್ಪ್ರಿಂಗು ಟಕ್ಕೆಂದು ಹಿಡಿಯುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಚಿದರೆ ಬಿಡುತ್ತದೆ. ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಬರ್ನಾರ್ ಇನೋ ಇದನ್ನೇ ತುಳಿದು 1985ರ ಟೂರ್ ದ ಫ್ರಾನ್ಸ್ ಗೆದ್ದ. ಆಮೇಲೆ ಚರ್ಮದ ಪಟ್ಟಿಗೆ ಹೆಚ್ಚು ದಿನ ಉಳಿಗಾಲವಿರಲಿಲ್ಲ. 1990ರಲ್ಲಿ ಜಪಾನಿನ ಶಿಮಾನೊ, ಅಟ್ಟೆಯೊಳಗೆ ಹುದುಗಿಕೊಳ್ಳುವ ಸಣ್ಣ ಕ್ಲೀಟನ್ನು ತಂದಿತು. ಸೈಕಲ್ ಇಳಿದು ಬಾತುಕೋಳಿಯ ಹಾಗೆ ನಡೆಯುವ ಅವಸ್ಥೆ ತಪ್ಪಿತು.

ಹುಬ್ಬಳ್ಳಿಯ ಕಾಲೇಜು ಹುಡುಗನೊಬ್ಬ ಮನೆಗೆ ತಂದದ್ದು ಈ ಶಿಮಾನೊ ಜೋಡಿಯನ್ನೇ. ಬೆಳಗಿನ ಹೊತ್ತು ಉಣಕಲ್ ಕೆರೆ ದಾಟಿ ಧಾರವಾಡಕ್ಕೆ ಹೋಗಿಬರುವುದು ಅವನ ರೂಢಿ. ಅಪ್ಪ ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು.

"ಕಾಲ ಕಟ್ಟಿ ಹಾಕ್ಕೊಂಡ್ ಸೈಕಲ್ ಹೊಡೀತಾರೇನೋ ತಮ್ಮಾ?"

"ಕಟ್ಟೂದಲ್ಲಪ್ಪಾ. ಹಿಮ್ಮಡ ತಿರುವಿದ್ರ ಬಿಡತೈತಿ."

"ಬಿಡದಿದ್ರ?"

ಇದಕ್ಕೆ ಹುಡುಗನ ಬಳಿ ಉತ್ತರವಿರಲಿಲ್ಲ. ಆದರೂ ಅಪ್ಪನೇ ಸ್ಪ್ಯಾನರ್ ಹಿಡಿದು ಕೂತರು. ಬಲಗಡೆಯ ಹಳೆಯ ಪೆಡಲು ಸಲೀಸಾಗಿ ಬಿಚ್ಚಿತು. ಎಡಗಡೆಯದು ಜಪ್ಪಯ್ಯ ಎಂದರೂ ಕದಲಲಿಲ್ಲ. ಬಿಚ್ಚುತ್ತಿದ್ದೇನೆ ಎಂದುಕೊಂಡು ಅವರು ಅದನ್ನು ಬಿಗಿಯುತ್ತಿದ್ದರು! ತುಳಿಯುತ್ತಾ ಹೋದಂತೆ ತಾನಾಗಿ ಸಡಿಲವಾಗದಿರಲೆಂದು ಎಡ ಪೆಡಲಿಗೆ ಉಲ್ಟಾ ಮರೆ ಇರುತ್ತದೆ. ಎಷ್ಟೋ ಮನೆಗಳಲ್ಲಿ ಇದು ತಿಳಿಯುವುದು ಕೈ ತರಚಿಕೊಂಡ ಮೇಲೆಯೇ.

ಗೋಡೆ ಹಿಡಿದು ಸಿಕ್ಕಿಸಿ ಬಿಡಿಸುವುದನ್ನು ಹುಡುಗ ಎರಡು ದಿನ ಮಾಡಿದ. ಮೂರನೆಯ ದಿನ ರಸ್ತೆಗೆ ಇಳಿದ. ಸಿಗ್ನಲ್ಲಿನಲ್ಲಿ ಎಡಗಾಲನ್ನು ಸರಿಯಾಗಿಯೇ ಬಿಡಿಸಿದ. ಅಷ್ಟರಲ್ಲಿ ಹಿಂದಿನ ಬಸ್ಸು ಹಾರ್ನ್ ಹೊಡೆಯಿತು. ತಿರುಗಿ ನೋಡಿದಾಗ ಮೈಭಾರ ಬಲಕ್ಕೆ ವಾಲಿತು. ಬಲಗಾಲು ಪೆಡಲಿನಲ್ಲೇ ಇತ್ತು. ಗಾಬರಿಯಲ್ಲಿ ಕಾಲನ್ನು ಮೇಲಕ್ಕೆ ಎಳೆಯುವುದು ಮನುಷ್ಯನ ಸ್ವಭಾವ, ಪೆಡಲು ಬಿಡುವುದಾದರೆ ಪಕ್ಕಕ್ಕೆ ತಿರುಚಿದಾಗ. ನಿಂತ ಸೈಕಲ್ಲಿನಿಂದ ಕಡಿದ ಬಾಳೆಗಿಡದಂತೆ ರಸ್ತೆಯ ನಡುವಿನ ಕಡೆಗೆ ಬಿದ್ದ. ವಾಹನಗಳೆಲ್ಲ ನಿಂತಿದ್ದವು, ಬದುಕಿದ. ಊರಿದ ಬಲಗೈ ಮಣಿಕಟ್ಟು ಊದಿಕೊಂಡಿತು. ಪರೀಕ್ಷೆಗೆ ಇನ್ನು ಮೂರೇ ವಾರ.

ಮೂಳೆ ಮುರಿದಿಲ್ಲ, ಉಳುಕು ಅಷ್ಟೇ ಎಂದು ವೈದ್ಯರು ಪಟ್ಟಿ ಸುತ್ತಿದರು. ಪೆಡಲು ಇವತ್ತೇ ಕಿತ್ತು ಎಸೆಯಬೇಕೆಂದು ತಾಯಿ ಪಟ್ಟುಹಿಡಿದರು. ಅವರ ಮಾತನ್ನು ಹೆದರಿಕೆ ಎಂದು ತಳ್ಳಿಹಾಕುವಂತಿಲ್ಲ. ಎಡಬದಿಯ ಸಂಚಾರವಿರುವ ನಮ್ಮ ದೇಶದಲ್ಲಿ ಬಲಕ್ಕೆ ಬೀಳುವುದೆಂದರೆ ಗಾಲಿಗಳ ಕಡೆಗೆ ಬೀಳುವುದು.

ಅಷ್ಟಕ್ಕೂ ಇದರಿಂದ ಲಾಭವೇನು? ಕಾಲನ್ನು ಮೇಲೆಳೆದೂ ಸೈಕಲ್ ಓಡಿಸಬಹುದು, ಶಕ್ತಿ ಇಮ್ಮಡಿಯಾಗುತ್ತದೆ ಎಂಬ ವರ್ಣನೆ ಉತ್ಪ್ರೇಕ್ಷೆಯೇ ಸರಿ. ಪ್ರಯೋಗಾಲಯದಲ್ಲಿ ಅಳೆದಾಗ, ಬೇಕೆಂದೇ ಮೇಲೆಳೆಯುವ ತುಳಿತ ದಣಿವನ್ನು ಉಳಿಸುವಂಥದ್ದಲ್ಲ ಎಂದು ಕಂಡಿದೆ. ನಿಜವಾದ ಪ್ರಯೋಜನ ಬೇರೆ. ವೇಗವಾಗಿ ತುಳಿಯುವಾಗ, ಮಳೆಯಲ್ಲಿ, ಹೊಂಡ ಹಾರಿಸುವಾಗ ಕಾಲು ಜಾರುವುದಿಲ್ಲ. ಪಾದ ಪ್ರತಿಸಲ ಒಂದೇ ಜಾಗದಲ್ಲಿ ಕೂರುತ್ತದೆ. ಆದರೆ ಕ್ಲೀಟನ್ನು ಸೊಟ್ಟಗೆ ಬಿಗಿದರೆ ಅದೇ ಸೊಟ್ಟ ಸಾವಿರ ಸಲ ಮಂಡಿಗೆ ಮುಟ್ಟುತ್ತದೆ. ಪಂದ್ಯಕ್ಕೆ, ದೂರದ ಸವಾರಿಗೆ ಇದು ಸರಿ. ಶಾಲೆಗೆ ಚಪ್ಪಲಿ ಹಾಕಿಕೊಂಡು ಹೋಗುವ ಮಕ್ಕಳಿಗೆ ಚಪ್ಪಟೆ ಪೆಡಲಿಗಿಂತ ಒಳ್ಳೆಯದಿಲ್ಲ. ಒಳಪೆಡಲು ಹೊಡೆದು ಕಲಿತ ತಲೆಮಾರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಅಪ್ಪ ಪೆಡಲನ್ನು ಕೀಳಲಿಲ್ಲ. ಪೆಟ್ಟಿಗೆಯಲ್ಲಿದ್ದ ಕಾಗದವನ್ನು ಕನ್ನಡಕ ಹಾಕಿಕೊಂಡು ಓದಿದರು. ಸ್ಪ್ರಿಂಗಿನ ಬಿಗಿಯನ್ನು ಒಂದು ಚಿಕ್ಕ ತಿರುಪಿನಿಂದ ಸಡಿಲಿಸಬಹುದೆಂದು ಅಂಗಡಿಯಾತ ಹೇಳಿರಲಿಲ್ಲ. ಎರಡೂ ಪೆಡಲುಗಳನ್ನು ಆದಷ್ಟು ಸಡಿಲಿಸಿದರು. ಕೈ ವಾಸಿಯಾಗಿ ಪರೀಕ್ಷೆಯೂ ಮುಗಿದ ಮೇಲೆ, ಭಾನುವಾರ ಬೆಳಿಗ್ಗೆ ಖಾಲಿ ಮೈದಾನದ ಹುಲ್ಲಿನ ಮೇಲೆ ಪಾಠ ಶುರುವಾಯಿತು. ಹದಿನೈದು ವರ್ಷದ ಹಿಂದಿನಂತೆಯೇ ಅಪ್ಪ ಸೀಟು ಹಿಡಿದು ಪಕ್ಕದಲ್ಲಿ ಓಡಿದರು.

"ನಿಲ್ಲೂಕಿಂತ ಮೊದಲ ಬಿಡಿಸು. ಬಿಡಿಸಿದ ಕಡೀಗೇ ವಾಲು. ಈಗ ಬಲಗಾಲು!"

ನಲವತ್ತು ಸಲ ಎಡಗಾಲು, ನಲವತ್ತು ಸಲ ಬಲಗಾಲು. ಲೆಕ್ಕ ಇಟ್ಟವಳು ತಂಗಿ. ಹಳೆಯ ಪೆಡಲುಗಳನ್ನು ತಾಯಿ ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದಾರೆ.