ಪಾಲ್ ಹೋಗಿ ಹಾಲಾಯಿತು

ನನ್ನ ಕೆಲಸ ಕೊಚ್ಚಿಯ ಇನ್ಫೋಪಾರ್ಕಿನಲ್ಲಿ, ನಮ್ಮವರದು ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ. ನಡುವೆ ಸುಮಾರು 200 ಕಿಲೋಮೀಟರ್. ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ ನನ್ನ ಜೊತೆ. ಎರಡು ವಾರಕ್ಕೊಮ್ಮೆ ಶನಿವಾರ ಬೆಳಗ್ಗೆ ಎರ್ನಾಕುಳಂನಲ್ಲಿ ರೈಲು ಹತ್ತಿ ಅಪ್ಪನನ್ನು ನೋಡಲು ಹೊರಡುತ್ತೇವೆ.

2017ರ ಕಾನೂನಿನಂತೆ ಇಲ್ಲಿನ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ. ಕಲಿಯಲಿ, ಇರುವ ಊರಿನ ಭಾಷೆ ಬರಲೇಬೇಕು. ಬೆಂಗಳೂರಿಗೆ ಬಂದವರನ್ನು ನಾವೂ ಅದನ್ನೇ ತಾನೇ ಕೇಳುವುದು? ಆದರೆ ಮೈಸೂರಿನ ಅಜ್ಜಿ ಫೋನಿನಲ್ಲಿ "ಊಟ ಆಯ್ತಾ ಪುಟ್ಟಿ?" ಅಂದರೆ ಮಗಳು "ಕಳಿಞ್ಞು" ಅನ್ನುತ್ತಿದ್ದಳು. ಆಮೇಲೆ ಆ ಕಡೆಯಿಂದ ಮಾತೇ ಇಲ್ಲ. ನನಗೆ ಸಂಕಟ.

ಅದಕ್ಕೇ ರೈಲಿನ ಆ ನಾಲ್ಕು ಗಂಟೆ ಪೂರ್ತಿ ಕನ್ನಡಕ್ಕೆ ಎಂದು ಮಾಡಿಕೊಂಡೆವು. ಒಮ್ಮೆ ಕೊಲ್ಲಂ ಹತ್ತಿರ ಅಷ್ಟಮುಡಿ ಕಾಯಲು ದಾಟುವಾಗ ಮಗಳು ಕೂಗಿದಳು: "ಅಮ್ಮಾ, ಪಾಲ್ ಹಾಲು, ಪಲ್ಲ್ ಹಲ್ಲು, ಪೂವ್ ಹೂವು! ಪ ತೆಗೆದು ಹ ಹಾಕಿದ್ರೆ ಕನ್ನಡ!" ಹಳಗನ್ನಡದಲ್ಲಿ ನಾವೂ ಪಾಲ್, ಪಲ್ ಅಂತಲೇ ಅನ್ನುತ್ತಿದ್ದೆವು ಅಂದಾಗ ಅವಳಿಗೆ ನಂಬಿಕೆಯೇ ಇಲ್ಲ. ತಮ್ಮ ಪಪ್ಪಡಂ ಅನ್ನು "ಹಹ್ಹಡಂ" ಮಾಡಿ ಬೋಗಿಯನ್ನೆಲ್ಲ ನಗಿಸಿದ.

ಈಗ ಫೋನು ಮಾಡುವವಳು ಮಗಳೇ. "ಅಜ್ಜಿ, ಪುಳಿಗೆ ಹುಳಿ ಅಲ್ವಾ?" "ಹೌದು ಕಂದ, ನಮ್ಮನೇಲಿ ಅನ್ನಕ್ಕೆ ಹಾಕ್ಕೊಳ್ಳೋದೂ ಹುಳೀನೇ" ಅಂತ ಶುರುವಾದರೆ ಬೇಳೆ, ಕೊತ್ತಂಬರಿ, ಒಗ್ಗರಣೆ ಎಲ್ಲ ಮುಗಿಯುವವರೆಗೆ ಫೋನು ನನ್ನ ಕೈಗೆ ಬರುವುದಿಲ್ಲ.